ಧ್ರುವದ ಹಿಮ, ಮನೆಯ ದೀಪ

ಭೂಗೋಳದ ನೆತ್ತಿಯ ಮೇಲೆ ಬೆರಳಿಟ್ಟು ನೋಡಿದರೆ ಅಲ್ಲಿ ನೆಲವಿಲ್ಲ, ಇರುವುದು ಕಡಲು. ಯುರೋಪ್, ಏಷ್ಯಾ ಮತ್ತು ಉತ್ತರ ಅಮೆರಿಕ ಖಂಡಗಳ ಬಡಗಣ ಅಂಚುಗಳು ಸುತ್ತುವರಿದಿರುವ ಈ ಕಡಲಿಗೆ ಆರ್ಕ್ಟಿಕ್ ಸಾಗರವೆಂದು ಹೆಸರು. ಧ್ರುವಬಿಂದುವಿನಲ್ಲಿ ವರ್ಷದ ಅರ್ಧ ಭಾಗ ಹಗಲು, ಇನ್ನರ್ಧ ಭಾಗ ಇರುಳು. ಚಳಿಗಾಲ ಬಂದಾಗ ಕಡಲಿನ ಮೇಲ್ಮೈ ಹೆಪ್ಪುಗಟ್ಟಿ, ಸುಮಾರು 140 ಲಕ್ಷ ಚದರ ಕಿಲೋಮೀಟರುಗಳಷ್ಟು ಹರವಿಗೆ ಹಿಮದ ಹಾಸು ಹಬ್ಬಿಕೊಳ್ಳುತ್ತದೆ. ಇದು ನಮ್ಮ ದೇಶದ ವಿಸ್ತೀರ್ಣದ ನಾಲ್ಕು ಪಟ್ಟಿಗೂ ಹೆಚ್ಚು. ಬೇಸಗೆಯಲ್ಲಿ ಇದರ ಬಹುಭಾಗ ಕರಗಿ, ಸೆಪ್ಟೆಂಬರ್ ತಿಂಗಳಲ್ಲಿ ಅತ್ಯಂತ ಕಿರಿದಾಗುತ್ತದೆ. ಅನಂತರ ಮತ್ತೆ ಬೆಳೆಯತೊಡಗುತ್ತದೆ. ವರ್ಷ ವರ್ಷವೂ ನಡೆಯುವ ಈ ಏರಿಳಿತಕ್ಕೆ ಹೊಂದಿಕೊಂಡು ಅಲ್ಲಿನ ಜೀವಲೋಕ ಸಹಸ್ರಾರು ವರ್ಷಗಳಿಂದ ಬಾಳಿ ಬಂದಿದೆ.

ಹಿಮವೆಂದರೆ ಬರಿಯ ಬೆಳ್ಳನೆಯ ಬಂಜರು ಎಂದು ನಾವು ಭಾವಿಸುವುದುಂಟು. ಅದು ತಪ್ಪು ತಿಳಿವಳಿಕೆ. ಆ ಹಿಮದ ಹಾಸು ಅಲ್ಲಿನ ಜೀವಿಗಳಿಗೆ ಹೊಲವೂ ಹೌದು, ಮನೆಯೂ ಹೌದು, ಹಾದಿಯೂ ಹೌದು. ವಸಂತದ ಬಿಸಿಲು ಮರಳಿದೊಡನೆ ಹಿಮದ ತಳಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬೆಳೆಯುತ್ತವೆ. ಸಿಗಡಿಯನ್ನು ಹೋಲುವ ಕಿರುಜೀವಿಗಳು ಅವನ್ನು ಮೇಯುತ್ತವೆ. ಆ ಕಿರುಜೀವಿಗಳು ಧ್ರುವದ ಕಾಡ್ ಮೀನುಗಳಿಗೆ ಆಹಾರ. ಆ ಮೀನುಗಳು ಸೀಲ್ ಪ್ರಾಣಿಗಳಿಗೆ ಆಹಾರ. ಸೀಲ್ ಹಿಮಕರಡಿಗೆ ಆಹಾರ. ಕರಡಿ ತಿಂದುಳಿದುದನ್ನು ಅರಸುತ್ತ ಹಿಮನರಿ ಅದರ ಬೆನ್ನ ಹಿಂದೆಯೇ ಸಾಗುತ್ತದೆ. ಮೈಮೇಲೆ ಉಂಗುರದಂಥ ಗುರುತುಗಳುಳ್ಳ ಒಂದು ಜಾತಿಯ ಸೀಲ್ ಹಿಮದ ಮೇಲೆ ಬಿದ್ದ ಮಂಜಿನ ರಾಶಿಯಲ್ಲಿ ಗವಿ ತೋಡಿ, ಅದರೊಳಗೆ ಮರಿಹಾಕುತ್ತದೆ. ವಾಲ್ರಸ್ ಎಂಬ ದಂತಧಾರಿ ಪ್ರಾಣಿ ಕಡಲ ತಳದ ಚಿಪ್ಪುಜೀವಿಗಳನ್ನು ತಿಂದು, ತೇಲುವ ಹಿಮಫಲಕದ ಮೇಲೆ ದಣಿವಾರಿಸಿಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿಯೂ ಹಿಮವನ್ನು ಬಿಟ್ಟು ನಿಲ್ಲಲಾರದು.

ಇವೆಲ್ಲವುಗಳಲ್ಲಿ ಹಿಮಕರಡಿಯ ಸ್ಥಿತಿ ವಿಶೇಷವಾಗಿ ಗಮನಿಸತಕ್ಕದ್ದು. ಈ ಪ್ರಾಣಿಯ ತುಪ್ಪಳು ನಮಗೆ ಬೆಳ್ಳಗೆ ಕಂಡರೂ ಅದರ ಅಡಿಯ ಚರ್ಮ ಕಪ್ಪು. ಬೆಳೆದ ಗಂಡುಕರಡಿ 400 ಕಿಲೋಗ್ರಾಮಿಗೂ ಮೀರಿ ತೂಗುತ್ತದೆ. ಇಷ್ಟು ದೊಡ್ಡ ದೇಹವನ್ನು ಸಾಕಲು ಅದಕ್ಕೆ ಬೇಕಾದುದು ಸೀಲ್‌ಗಳ ಕೊಬ್ಬು. ಉಸಿರಾಡಲೆಂದು ಸೀಲ್ ಹಿಮದಲ್ಲಿ ಮಾಡಿಕೊಂಡ ರಂಧ್ರದ ಬಳಿ ಕರಡಿ ಗಂಟೆಗಟ್ಟಲೆ ಅಲುಗಾಡದೆ ಕಾದಿರುತ್ತದೆ. ಸೀಲ್ ತಲೆಯೆತ್ತಿದಾಗ ಎರಗುತ್ತದೆ. ತೆರೆದ ನೀರಿನಲ್ಲಿ ಸೀಲ್‌ನ ಈಜಿಗೆ ಕರಡಿಯ ಈಜು ಸರಿಸಾಟಿಯಲ್ಲ. ಆದುದರಿಂದ ಹಿಮವಿದ್ದಷ್ಟು ದಿನವೇ ಅದಕ್ಕೆ ಬೇಟೆ. ಹಿಮ ಕರಗಿದ ಮೇಲೆ ದಡದಲ್ಲಿ ಬಹುಮಟ್ಟಿಗೆ ಉಪವಾಸ. ಕೆನಡಾ ದೇಶದ ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ ಹಿಮವಿಲ್ಲದ ಈ ಅವಧಿ 1980ರ ಸುಮಾರಿಗಿದ್ದುದಕ್ಕಿಂತ ಮೂರು ನಾಲ್ಕು ವಾರಗಳಷ್ಟು ದೀರ್ಘವಾಗಿದೆ. ಉಪವಾಸದ ದಿನಗಳು ಹೆಚ್ಚಿದಂತೆ ತಾಯಿಕರಡಿಗಳು ಬಡವಾಗುತ್ತವೆ. ಮರಿಗಳು ಉಳಿಯುವುದು ಕಷ್ಟವಾಗುತ್ತದೆ. ಅಲ್ಲಿ 2016ರಲ್ಲಿ 842 ಕರಡಿಗಳಿದ್ದುವೆಂದು ಅಂದಾಜು ಮಾಡಲಾಗಿತ್ತು. 2021ರ ಎಣಿಕೆಯಲ್ಲಿ ಆ ಅಂದಾಜು 618ಕ್ಕೆ ಇಳಿಯಿತು.

ಒಂದು ಕಾಲದಲ್ಲಿ ಹಿಮಕರಡಿಯ ಶತ್ರು ಬೇಟೆಗಾರನ ಬಂದೂಕವಾಗಿತ್ತು. ಅದನ್ನು ತಡೆಯಲು 1973ರಲ್ಲಿ ಕೆನಡಾ, ಡೆನ್ಮಾರ್ಕ್, ನಾರ್ವೆ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಈ ಐದು ರಾಷ್ಟ್ರಗಳು ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದುವು. ರಾಜಕೀಯದಲ್ಲಿ ಪರಸ್ಪರ ವಿರೋಧಿಗಳಾಗಿದ್ದವರೂ ಒಂದು ಪ್ರಾಣಿಯ ಸಲುವಾಗಿ ಒಟ್ಟುಗೂಡಿದುದು ಮೆಚ್ಚತಕ್ಕ ಸಂಗತಿ. ಬಂದೂಕವನ್ನು ಕಾನೂನಿನಿಂದ ತಡೆಯಬಹುದು. ಆದರೆ ಇಂದಿನ ಶತ್ರುವಿಗೆ ಆಕಾರವಿಲ್ಲ, ಬಣ್ಣವಿಲ್ಲ, ಗಡಿಯೂ ಇಲ್ಲ. ಅದು ವಾಯುಮಂಡಲದಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡ್ ಅನಿಲ.

ಈ ಅನಿಲ ಸ್ವತಃ ವಿಷವಲ್ಲ. ನಾವು ಹೊರಬಿಡುವ ಉಸಿರಿನಲ್ಲಿ ಅದಿದೆ. ಗಿಡಮರಗಳು ಅದರಿಂದಲೇ ತಮ್ಮ ಆಹಾರವನ್ನು ತಯಾರಿಸುತ್ತವೆ. ಸೂರ್ಯನ ಬೆಳಕನ್ನು ಅದು ಒಳಗೆ ಬಿಡುತ್ತದೆ. ಕಾದ ನೆಲ ಹೊರಸೂಸುವ ಶಾಖದ ಒಂದು ಪಾಲನ್ನು ಮಾತ್ರ ಹೊರಹೋಗದಂತೆ ಹಿಡಿದಿಡುತ್ತದೆ. ಹೊದೆದ ಕಂಬಳಿ ಮೈಯ ಬಿಸಿಯನ್ನು ಉಳಿಸುವಂತೆ ಇದು ಭೂಮಿಯ ಬಿಸಿಯನ್ನು ಉಳಿಸುತ್ತದೆ. ಈ ಕಂಬಳಿ ಇರದಿದ್ದರೆ ಭೂಮಿ ಹೆಪ್ಪುಗಟ್ಟಿ ಹೋಗುತ್ತಿತ್ತು. ಅದು ಅತಿಯಾಗಿ ದಪ್ಪವಾದರೆ ಸೆಕೆ ತಾಳಲಾಗದು. ಕಲ್ಲಿದ್ದಲನ್ನು ಉರಿಸಿ ಈ ಅನಿಲವನ್ನು ಹೆಚ್ಚಿಸುತ್ತ ಹೋದರೆ ಭೂಮಿ ಬಿಸಿಯಾಗುವುದೆಂದು ಸ್ವೀಡನ್ ದೇಶದ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1896ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದನು. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಈ ಅನಿಲವಿತ್ತು. ಇಂದು ಅದು 420ನ್ನು ಮೀರಿದೆ.

ಬಿಸಿ ಎಲ್ಲೆಡೆಯೂ ಒಂದೇ ಸಮನಾಗಿ ಏರುತ್ತಿಲ್ಲ. ಉತ್ತರ ಧ್ರುವಪ್ರದೇಶದಲ್ಲಿ ಅದು ಭೂಮಿಯ ಸರಾಸರಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಏರುತ್ತಿದೆ. ಇದಕ್ಕೆ ಒಂದು ಮುಖ್ಯ ಕಾರಣ ಹಿಮದ ಬಣ್ಣ. ಸುಡುಬಿಸಿಲಿನಲ್ಲಿ ಬಿಳಿಯ ಅಂಗಿಗಿಂತ ಕಪ್ಪು ಅಂಗಿ ಹೆಚ್ಚು ಕಾಯುವುದನ್ನು ನಾವೆಲ್ಲರೂ ಬಲ್ಲೆವು. ಮಂಜು ಹೊದ್ದ ಬಿಳಿಯ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಕಪ್ಪಾದ ಕಡಲ ನೀರು ಬಹುಪಾಲನ್ನು ಹೀರಿಕೊಳ್ಳುತ್ತದೆ. ಹಿಮ ಕರಗಿದಷ್ಟೂ ನೀರು ತೆರೆದುಕೊಳ್ಳುತ್ತದೆ. ನೀರು ಕಾದಷ್ಟೂ ಹಿಮ ಕರಗುತ್ತದೆ. 1980ರ ದಶಕದಲ್ಲಿ ಸೆಪ್ಟೆಂಬರ್ ತಿಂಗಳ ಹಿಮದ ಹರವು ಸುಮಾರು 70 ಲಕ್ಷ ಚದರ ಕಿಲೋಮೀಟರು ಇತ್ತು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಕುಗ್ಗಿತು. ಇದರ ಪರಿಣಾಮವನ್ನು ವಾಲ್ರಸ್‌ಗಳ ಬಾಳಿನಲ್ಲಿಯೂ ಕಾಣಬಹುದು. 2014ರಲ್ಲಿ ವಿಶ್ರಮಿಸಲು ತೇಲುವ ಹಿಮ ದೊರೆಯದೆ ಸುಮಾರು 35,000 ವಾಲ್ರಸ್‌ಗಳು ಅಲಾಸ್ಕದ ಪಾಯಿಂಟ್ ಲೇ ಎಂಬಲ್ಲಿ ಕಡಲ ದಡವನ್ನೇರಿ ಕಿಕ್ಕಿರಿದುವು. ಇಂಥ ದಟ್ಟಣೆ ಗಾಬರಿಗೊಂಡು ಓಡತೊಡಗಿದರೆ ಎಳೆಯ ಮರಿಗಳು ತುಳಿತಕ್ಕೆ ಸಿಕ್ಕಿ ಸಾಯುತ್ತವೆ.

ಈ ಬದಲಾವಣೆಗಳನ್ನು ನಮ್ಮ ದೇಶದ ವಿಜ್ಞಾನಿಗಳೂ ಕಣ್ಣಾರೆ ಕಂಡು ಅಳೆಯುತ್ತಿದ್ದಾರೆ. ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರು ದೂರದಲ್ಲಿ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಭಾರತವು 2008ರಲ್ಲಿ 'ಹಿಮಾದ್ರಿ' ಎಂಬ ಸಂಶೋಧನ ಕೇಂದ್ರವನ್ನು ತೆರೆಯಿತು.

ಇಷ್ಟನ್ನು ಕೇಳಿದ ಮೇಲೆ ಒಬ್ಬ ವಿದ್ಯಾರ್ಥಿ ಹೀಗೆ ಪ್ರಶ್ನಿಸಬಹುದು: "ಅಲ್ಲಿನ ಹಿಮಕ್ಕೂ ನಮ್ಮ ಮನೆಯ ದೀಪಕ್ಕೂ ಏನು ಸಂಬಂಧ? ನಮಗೆ ವಿದ್ಯುತ್ತು ಬರುವುದು ಶರಾವತಿಯಿಂದ, ಕಾಳಿನದಿಯಿಂದ. ನೀರಿನಿಂದ ಹುಟ್ಟಿದ ವಿದ್ಯುತ್ತಿನಲ್ಲಿ ಹೊಗೆಯೆಲ್ಲಿ?" ಪ್ರಶ್ನೆ ಸಾಧುವಾದುದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ದಿನದಿಂದ ಜಲವಿದ್ಯುತ್ತು ನಮ್ಮ ನಾಡಿನ ಹೆಮ್ಮೆಯಾಗಿದೆ. ಆದರೆ ಬೇಡಿಕೆ ಬೆಳೆದಂತೆ ನೀರೊಂದೇ ಸಾಲದಾಯಿತು. ರಾಯಚೂರು ಮತ್ತು ಬಳ್ಳಾರಿಗಳಲ್ಲಿ ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರಗಳು ತಲೆಯೆತ್ತಿದುವು. ಅಲ್ಲದೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಇಡೀ ದೇಶದ ವಿದ್ಯುತ್ತು ಒಂದೇ ಕೆರೆಯ ನೀರಿನಂತೆ. ಕೆರೆಗೆ ಹಲವು ಹಳ್ಳಗಳು ನೀರು ತರುತ್ತವೆ. ಕೊಡದಲ್ಲಿ ಮೊಗೆದ ನೀರು ಯಾವ ಹಳ್ಳದ್ದೆಂದು ಹೇಳಲಾಗದು. ಈ ಕೆರೆಗೆ ಬಂದು ಸೇರುವ ಅತಿದೊಡ್ಡ ಹಳ್ಳ ಕಲ್ಲಿದ್ದಲಿನದು. ನಾವು ಒಂದು ಯೂನಿಟ್ ಉಳಿಸಿದರೆ ಎಲ್ಲಿಯೋ ಒಂದು ಕುಲುಮೆಯಲ್ಲಿ ಅಷ್ಟರಮಟ್ಟಿಗೆ ಉರಿ ತಗ್ಗುತ್ತದೆ; ಉಳಿದ ಜಲಾಶಯದ ನೀರು ಬೇರೊಬ್ಬರ ದೀಪವನ್ನು ಬೆಳಗುತ್ತದೆ.

ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ; ಮಿಕ್ಕುದು ಚಿಮಣಿಯ ಮೂಲಕ, ತಂಪುಗೋಪುರಗಳ ಮೂಲಕ ವ್ಯರ್ಥವಾಗುತ್ತದೆ. ನೀರು, ಗಾಳಿ, ಬಿಸಿಲು, ಕಲ್ಲಿದ್ದಲು ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ, ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಿಂಗಳಿಗೆ 120 ಯೂನಿಟ್ ಬಳಸುವ ಮನೆಯ ಪಾಲಿಗೆ ಇದು ವರ್ಷಕ್ಕೆ ಒಂದು ಟನ್ನಿನಷ್ಟಾಯಿತು. ಹೀಗೆ ಗಾಳಿಗೆ ಸೇರುವ ಒಂದೊಂದು ಟನ್ನಿಗೂ ಸೆಪ್ಟೆಂಬರ್ ತಿಂಗಳ ಧ್ರುವಹಿಮ ಸುಮಾರು 3 ಚದರ ಮೀಟರಿನಷ್ಟು ಕುಗ್ಗುತ್ತದೆಂದು ಡಿರ್ಕ್ ನೋಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ ಎಂಬ ವಿಜ್ಞಾನಿಗಳು 2016ರಲ್ಲಿ ಕಂಡುಹಿಡಿದರು. 3 ಚದರ ಮೀಟರೆಂದರೆ ಇಬ್ಬರು ಮಲಗುವ ಒಂದು ಮಂಚದಷ್ಟು ಜಾಗ. ಎಂದೂ ಕಾಣದ ಕಡಲಿನಲ್ಲಿ ನಮ್ಮ ಒಂದು ಮನೆಯ ಸಲುವಾಗಿ ವರ್ಷಕ್ಕೆ ಅಷ್ಟು ಹಿಮ ಇಲ್ಲವಾಗುತ್ತದೆಂದು ತಿಳಿದ ಮೇಲೆ, ಆ ಸಂಬಂಧ ದೂರದ್ದೆಂದು ಹೇಳಲು ಬಾಯಿ ಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ದೀಪವಾರಿಸಿ ಕತ್ತಲೆಯಲ್ಲಿ ಕೂರಬೇಕೆ? ಎಂದಿಗೂ ಅಲ್ಲ. ಮಿತವ್ಯಯ ಬೇರೆ, ಬಡತನ ಬೇರೆ. ಓದುವ ಮಗುವಿನ ಮುಂದಿನ ದೀಪ ಆರಬಾರದು; ಯಾರೂ ಇಲ್ಲದ ಕೋಣೆಯ ದೀಪ ಉರಿಯಬಾರದು. ಭಾರತೀಯನೊಬ್ಬನ ಪಾಲಿಗೆ ಬರುವ ಇಂಗಾಲದ ಹೊಗೆ ಜಗತ್ತಿನ ಸರಾಸರಿಗಿಂತ ಕಡಿಮೆಯೆಂಬುದು ನಿಜ. ಸಿರಿವಂತ ರಾಷ್ಟ್ರಗಳ ಹೊಣೆ ನಮ್ಮದಕ್ಕಿಂತ ಹಿರಿದೆಂಬುದೂ ನಿಜ. ಆದರೆ ಪೋಲು ಮಾಡುವುದಕ್ಕೆ ಇದು ನೆಪವಾಗಲಾರದು.

ಹಳೆಯ ಮಾದರಿಯ ತಂತಿಯ ಬಲ್ಬು ತಾನು ಪಡೆದ ಶಕ್ತಿಯ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚನ್ನು ಶಾಖವಾಗಿ ಕಳೆಯುತ್ತದೆ. 60 ವ್ಯಾಟ್‌ನ ಅಂಥ ಬಲ್ಬಿನ ಕೆಲಸವನ್ನು 9 ವ್ಯಾಟ್‌ನ ಎಲ್‌ಇಡಿ ದೀಪ ಮಾಡುತ್ತದೆ. ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಉಳಿಯುವುದು ಸುಮಾರು 93 ಯೂನಿಟ್. ನೀರು ಕಾಯಿಸುವುದು ಇದಕ್ಕಿಂತ ದೊಡ್ಡ ಖರ್ಚು. 2,000 ವ್ಯಾಟ್‌ನ ಗೀಸರನ್ನು ದಿನವೂ ಒಂದು ಗಂಟೆ ಉರಿಸಿದರೆ ವರ್ಷಕ್ಕೆ 730 ಯೂನಿಟ್ ಬೇಕು. ಬೆಂಗಳೂರಿನ ಮನೆಮಾಳಿಗೆಗಳ ಮೇಲೆ ಕಾಣುವ ಸೌರ ಜಲತಾಪಕಗಳು ಇದೇ ಕೆಲಸವನ್ನು ಬಿಸಿಲಿನಿಂದ ಮಾಡುತ್ತವೆ. ಅಡುಗೆಮನೆಯಲ್ಲಿ ಉರಿಯುವ 14.2 ಕಿಲೋಗ್ರಾಮಿನ ಒಂದು ಸಿಲಿಂಡರ್ ಅನಿಲದಿಂದ ಸುಮಾರು 42 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಬೇಳೆಕಾಳುಗಳನ್ನು ಮೊದಲೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಪ್ರೆಷರ್ ಕುಕ್ಕರನ್ನು ಬಳಸುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು — ನಮ್ಮ ಅಜ್ಜಿಯರು ಸೌದೆ ಉಳಿಸಲೆಂದು ಪಾಲಿಸುತ್ತಿದ್ದ ಕ್ರಮಗಳೇ ಇವುಗಳಲ್ಲಿ ಹಲವು. ಹವಾನಿಯಂತ್ರಕ ಇರುವ ಮನೆಗಳಲ್ಲಿ ಅದನ್ನು 24 ಡಿಗ್ರಿಗೆ ನಿಲ್ಲಿಸಿದರೆ ಸಾಕು; ಒಂದೊಂದು ಡಿಗ್ರಿ ಏರಿಸಿದಾಗಲೂ ಅದರ ಖರ್ಚು ನೂರಕ್ಕೆ ಸುಮಾರು ಆರರಷ್ಟು ತಗ್ಗುತ್ತದೆ. ಹೊಸ ಫ್ಯಾನನ್ನೋ ಫ್ರಿಜ್ಜನ್ನೋ ಕೊಳ್ಳುವಾಗ ಬೆಲೆಯ ಚೀಟಿಯೊಡನೆ ನಕ್ಷತ್ರಗಳ ಚೀಟಿಯನ್ನೂ ಓದಬೇಕು. ನಕ್ಷತ್ರಗಳು ಹೆಚ್ಚಿದಷ್ಟೂ ವಿದ್ಯುತ್ತಿನ ಬಳಕೆ ಕಡಿಮೆ.

ಇದರಿಂದ ದೊರೆಯುವ ಫಲವೆಷ್ಟು ಎಂಬುದನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.3 ಕೋಟಿ ಮನೆಗಳಿದ್ದುವು. ಅಷ್ಟು ಮನೆಗಳೂ ತಿಂಗಳಿಗೆ ಹತ್ತು ಯೂನಿಟ್ ಉಳಿಸಿದರೆ ವರ್ಷಕ್ಕೆ ಸುಮಾರು ಹನ್ನೊಂದು ಲಕ್ಷ ಟನ್ ಅನಿಲ ಗಾಳಿಗೆ ಸೇರದೆ ಉಳಿಯುತ್ತದೆ. ಅದರಿಂದ ಸುಮಾರು 3 ಚದರ ಕಿಲೋಮೀಟರು ಹಿಮ ಉಳಿಯುತ್ತದೆ. ಲಕ್ಷಗಟ್ಟಲೆ ಚದರ ಕಿಲೋಮೀಟರುಗಳ ನಷ್ಟದ ಮುಂದೆ ಇದು ಅಲ್ಪವೇ. ಮನೆಗಳ ಮಿತವ್ಯಯವೊಂದರಿಂದಲೇ ಧ್ರುವವನ್ನು ಕಾಪಾಡಬಹುದೆಂದು ಹೇಳುವುದು ಸುಳ್ಳಾದೀತು. ಕಾರ್ಖಾನೆಗಳೂ ವಾಹನಗಳೂ ಬದಲಾಗಬೇಕು. ಕಲ್ಲಿದ್ದಲಿನ ಸ್ಥಾನಕ್ಕೆ ಬಿಸಿಲು, ಗಾಳಿಗಳು ಬರಬೇಕು. ರಾಷ್ಟ್ರಗಳು 1973ರಲ್ಲಿ ಕರಡಿಗಾಗಿ ಕೂಡಿದಂತೆ ಹಿಮಕ್ಕಾಗಿಯೂ ಕೂಡಬೇಕು. ಆದರೆ ಬೇಡಿಕೆ ತಗ್ಗಿದಷ್ಟೂ ಆ ಬದಲಾವಣೆ ಹಗುರವಾಗುತ್ತದೆ; ಬೇಕಾಗುವ ಹೊಸ ಸ್ಥಾವರಗಳ ಸಂಖ್ಯೆ ಕಡಿಮೆಯಾಗುತ್ತದೆ. ತನ್ನ ಮನೆಯಲ್ಲಿ ಲೆಕ್ಕವಿಡದವನು ರಾಷ್ಟ್ರದಿಂದ ಲೆಕ್ಕ ಕೇಳಲಾರನು. ಹನಿಗೂಡಿ ಹಳ್ಳವೆಂಬ ಗಾದೆಯಲ್ಲಿ ಹನಿಯೇ ಹಳ್ಳವೆಂದು ಹೇಳಿಲ್ಲ. ಹನಿಗಳಿಲ್ಲದೆ ಹಳ್ಳವಿಲ್ಲವೆಂಬುದೇ ಅದರ ತಾತ್ಪರ್ಯ.

ನಮ್ಮ ಮನೆಗಳ ಹೊರಗೋಡೆಯಲ್ಲಿ ಒಂದು ಮಾಪಕವಿದೆ. ತಿಂಗಳಿಗೊಮ್ಮೆ ಬಿಲ್ಲು ಕೊಡಲು ಬರುವವರ ಹೊರತು ಅದನ್ನು ಯಾರೂ ನೋಡುವುದಿಲ್ಲ. ಇಂದು ಸಂಜೆ ಅದರ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ; ನಾಳೆ ಅದೇ ಹೊತ್ತಿಗೆ ಮತ್ತೊಮ್ಮೆ ಬರೆಯಿರಿ. ಒಂದು ತಿಂಗಳು ಹೀಗೆ ಬರೆದ ಮೇಲೆ ಯಾವ ದಿನ ಹೆಚ್ಚಾಯಿತು, ಏಕೆ ಹೆಚ್ಚಾಯಿತು ಎಂಬುದನ್ನು ತಂದೆತಾಯಿಗಳೊಡನೆ ಕುಳಿತು ವಿಚಾರಿಸಿರಿ. ಮುಂದಿನ ತಿಂಗಳು ಅದರಲ್ಲಿ ಹತ್ತು ಯೂನಿಟ್ ಇಳಿಸಲು ಪ್ರಯತ್ನಿಸಿರಿ. ಇದರಿಂದ ಮನೆಯ ಹಣವೂ ಉಳಿಯುತ್ತದೆ. ಉಳಿದ ಹಿಮದ ಮೇಲೆ ಹೆಜ್ಜೆಯಿಡುವ ಕರಡಿಗೆ ನಮ್ಮ ಹೆಸರು ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಅದಕ್ಕೆ ಬೇಕಾದುದು ಕಾಲೂರಿ ನಿಲ್ಲಲು ಗಟ್ಟಿಯಾದ ಹಿಮ, ಅಷ್ಟೆ.