ಬಿದರಿ ಹೂಜಿಯಲ್ಲಿ ಬೆಳ್ಳಿ ಯಾಕೆ ಕಪ್ಪಾಗಲಿಲ್ಲ?

ಲೋಹಗಳ ಕ್ರಿಯಾಶೀಲತಾ ಸರಣಿಯನ್ನು ನಮ್ಮ ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸ್ತಾರೆ. ಸತು ಮೇಲೆ, ತಾಮ್ರ ಕೆಳಗೆ, ಬೆಳ್ಳಿ ಇನ್ನೂ ಕೆಳಗೆ. ಅಲ್ಲಿಗೇ ನಿಲ್ಲಿಸಿದರೆ ಒಂದು ತಪ್ಪು ತಿಳುವಳಿಕೆ ಉಳಿದುಬಿಡುತ್ತದೆ: ಕೆಳಗಿರುವ ಲೋಹ ಯಾವುದರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ ಅಂತ. ಇದನ್ನು ಬಿಡಿಸಲು ಬಿದರಿ ಸಾಮಾನಿಗಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಕ್ಕಿಲ್ಲ. ಸಾಮಾನು ಸಿಗದಿದ್ದರೆ ಚಿತ್ರ ತೋರಿಸಿದರೂ ಸಾಕು.

ಬೀದರಿನ ಈ ಕಲೆಯ ಮೂಲ ಲೋಹ ಸತು, ತಾಮ್ರಗಳ ಮಿಶ್ರಲೋಹ. ಅದರಲ್ಲಿ ಶೇಕಡ 90ಕ್ಕಿಂತ ಹೆಚ್ಚು ಸತುವೇ. ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಮೈ ಕಪ್ಪಾಗುತ್ತದೆ. ಇದು ನಮ್ಮ ಪುಸ್ತಕದ ಸ್ಥಾನಪಲ್ಲಟ ಕ್ರಿಯೆಯೇ: ಸತು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ನುಣ್ಣನೆ ಪುಡಿಯಾಗಿ ಮೇಲೆ ಕೂರುತ್ತದೆ. ಉಳಿಯಿಂದ ಕೊರೆದ ಗೆರೆ ಕುಶಲಕರ್ಮಿಯ ಕಣ್ಣಿಗೆ ಕಾಣಲಿ ಅಂತ ಮಾತ್ರ ಈ ಕಪ್ಪು. ಗೆರೆಗಳಲ್ಲಿ ಬೆಳ್ಳಿ ತಂತಿ, ತಗಡು ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ಅದು ಹೋಗಿಬಿಡುತ್ತದೆ. ಆಗ ಬೂದು ಲೋಹದಲ್ಲಿ ಬಿಳಿ ಬೆಳ್ಳಿ. ಚಿತ್ತಾರ ಸರಿಯಾಗಿ ಕಾಣೋದೇ ಇಲ್ಲ.

ಜಾಣತನ ಇರೋದು ಕೊನೆಯ ಹಂತದಲ್ಲಿ. ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಬೆರೆಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಗಮನಿಸಿ, ಬೆಳ್ಳಿಯನ್ನು ಮುಚ್ಚಿಟ್ಟು ಹಚ್ಚೋದಲ್ಲ. ಇಡೀ ಮೈಗೆ ಒಂದೇ ಲೇಪ. ಮಿಶ್ರಲೋಹದ ಮೇಲ್ಪದರದಿಂದ ಸತು ಕರಗುತ್ತದೆ, ಉಳಿದ ತಾಮ್ರ ಗಟ್ಟಿ ಕಪ್ಪು ಪದರವಾಗುತ್ತದೆ. ಬೆಳ್ಳಿ ಹಾಗೇ ಹೊಳೆಯುತ್ತದೆ. "ಸರ್, ಬರೀ ಸತು ಸಾಕಾಗಲ್ವಾ?" ಅಂತ ಯಾರಾದರೂ ಕೇಳಿದರೆ ಖುಷಿಪಡಿ. ಕಪ್ಪು ಕೊಡೋದೇ ಆ ಚೂರು ತಾಮ್ರ.

ಈಗ ಲೇಪ ಬದಲಿಸಿ. ಬೇಯಿಸಿದ ಮೊಟ್ಟೆಯ ಹಳದಿ ಹಿಚುಕಿ, ಹಳೆಯ ಬೆಳ್ಳಿ ಕಾಲುಂಗುರ ಮತ್ತು ಸ್ಟೀಲ್ ಚಮಚದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಮರುದಿನ ಬೆಳ್ಳಿಯ ಮೇಲೆ ಕಂದುಗಪ್ಪು. ಚಮಚ ಇದ್ದ ಹಾಗೇ ಇರುತ್ತದೆ. ಸರಣಿಯಲ್ಲಿ ಕಬ್ಬಿಣ ಬೆಳ್ಳಿಗಿಂತ ಮೇಲೆ, ಆದರೆ ಸ್ಟೀಲಿಗೆ ಕ್ರೋಮಿಯಂ ಆಕ್ಸೈಡಿನ ಕಾವಲಿದೆ. ಬೆಳ್ಳಿಗೂ ಗಂಧಕಕ್ಕೂ ಮಾತ್ರ ಬಲು ಗೆಳೆತನ. (ಉಂಗುರ ಮನೆಯವರನ್ನು ಕೇಳಿಯೇ ತರಲಿ, ಇಲ್ಲದಿದ್ರೆ ಬೈಗುಳ ನಮಗೇ.) ಕಪ್ಪು ಹೋಗಲು ಅಲ್ಯುಮಿನಿಯಂ ಹಾಳೆ ಹಾಸಿದ ಬಟ್ಟಲಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ, ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಇಡಿ.

ಚಿನ್ನಕ್ಕೂ ಗಂಧಕದ ಸೆಳೆತವಿದೆ. 1989ರಲ್ಲಿ ಅಮೆರಿಕದ ಜಾರ್ಜ್ ವೈಟ್‌ಸೈಡ್ಸ್, ಮಾರ್ಕ್ ರೈಟನ್ ಮತ್ತು ಸಂಗಡಿಗರು ಇದನ್ನೇ ಬಳಸಿದರು. ಚಿನ್ನ, ಅಲ್ಯುಮಿನಿಯಂ ಆಕ್ಸೈಡ್ ಎರಡೂ ಇರುವ ಚಿತ್ತಾರದ ಮೇಲ್ಮೈಯನ್ನು ಎರಡು ಬಗೆಯ ಅಣುಗಳಿರುವ ಒಂದೇ ದ್ರಾವಣದಲ್ಲಿ ಇಟ್ಟರು. ತುದಿಯಲ್ಲಿ ಗಂಧಕವಿರುವ ಥಯೋಲ್ ಅಣುಗಳು ಚಿನ್ನಕ್ಕೆ ಹೋಗಿ ಕೂತವು, ಕಾರ್ಬಾಕ್ಸಿಲಿಕ್ ಆಮ್ಲದ ಅಣುಗಳು ಆಕ್ಸೈಡಿಗೆ. ಪದರದ ದಪ್ಪ ಒಂದೇ ಅಣುವಿನಷ್ಟು, ಸುಮಾರು 2 ನ್ಯಾನೋಮೀಟರ್. ಮೇಲೆ ಉಳಿಯುವುದು ಅಣುವಿನ ಇನ್ನೊಂದು ತುದಿ. ಅದು ಎಣ್ಣೆಯಂಥ ಹೈಡ್ರೋಕಾರ್ಬನ್ ಆದರೆ ಆ ಜಾಗದಲ್ಲಿ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗಾಗಲು ನೋಡುತ್ತದೆ. ಆ ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪು ಇದ್ದರೆ ಏನಾದೀತು ಅಂತ ಮಕ್ಕಳನ್ನೇ ಕೇಳಿ.