ಅನುಮಾನವೂ ಉಪಾಧಿಯೂ

ಶಾಸ್ತ್ರವನ್ನು ಓದಿದವರು ಸಾಮಾನ್ಯ ಜನರ ಮಾತನ್ನು ಕೇಳಿ 'ಇದರಲ್ಲಿ ತರ್ಕವಿಲ್ಲ' ಎಂದು ಬೇಗನೆ ತೀರ್ಮಾನಿಸುವುದುಂಟು. ಆ ತೀರ್ಮಾನವೇ ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಣೀಯವಾಗಿದೆ.

ಐರ್ಲೆಂಡಿನ ವಿದುಷಿ ರೂತ್ ಬರ್ನ್ ಅವರು 1989ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 'ಆಕೆಗೆ ಪ್ರಬಂಧ ಬರೆಯುವುದಿದ್ದರೆ ರಾತ್ರಿಯವರೆಗೂ ಗ್ರಂಥಾಲಯದಲ್ಲಿ ಓದುತ್ತಾಳೆ. ಆಕೆಗೆ ಪ್ರಬಂಧ ಬರೆಯುವುದಿದೆ' ಎಂದಾಗ, 'ಹಾಗಾದರೆ ಓದುತ್ತಾಳೆ' ಎಂದವರು ನೂರಕ್ಕೆ 96. 'ಗ್ರಂಥಾಲಯವು ತೆರೆದಿದ್ದರೆ ಓದುತ್ತಾಳೆ' ಎಂಬ ಮತ್ತೊಂದು ವಾಕ್ಯವನ್ನು ಸೇರಿಸಿದೊಡನೆ ಹಾಗೆಂದವರು ನೂರಕ್ಕೆ 38 ಮಾತ್ರ. ಆಕಾರತರ್ಕದ ನಿಯಮದಂತೆ, ಒಪ್ಪಿದ ವಾಕ್ಯಗಳಿಂದ ಒಮ್ಮೆ ಸಿದ್ಧವಾದ ನಿರ್ಣಯವು ಹೊಸ ವಾಕ್ಯ ಸೇರಿದ ಮಾತ್ರಕ್ಕೆ ಬಿದ್ದುಹೋಗತಕ್ಕದ್ದಲ್ಲ. ಹಾಗಾದರೆ ಇಷ್ಟು ಜನ ತಪ್ಪಿದರೇ?

ತರ್ಕಸಂಗ್ರಹವನ್ನು ಪಾಠಮಾಡಿದವರಿಗೆ ಇದು ಹೊಸತಲ್ಲ. 'ಪರ್ವತದಲ್ಲಿ ಹೊಗೆಯಿದೆ, ಬೆಂಕಿಯಿರುವುದರಿಂದ' ಎಂಬ ಅನುಮಾನವನ್ನು ಅನ್ನಂಭಟ್ಟನು ದುಷ್ಟವೆಂದು ತೋರಿಸುತ್ತಾನೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಸೌದೆಯ ಸಂಯೋಗವಿದ್ದಲ್ಲಿ ಮಾತ್ರ ಹೊಗೆ. ಈ ಹಸಿಸೌದೆಯ ಸಂಯೋಗವೇ ಉಪಾಧಿ. ಗ್ರಂಥಾಲಯದ ಬಾಗಿಲೂ ಅಂಥದೇ. ಅದನ್ನು ನೆನಪಿಸಿದಾಗ ಜನರು ಅನುಮಾನದ ಕ್ರಮವನ್ನು ಬಿಡಲಿಲ್ಲ. ಮೊದಲನೆಯ ವ್ಯಾಪ್ತಿವಾಕ್ಯದಲ್ಲಿಯೇ ಅವರಿಗೆ ಸಂದೇಹ ಹುಟ್ಟಿತು. ವಾಕ್ಯಗಳು ನಿಜವೇ ಎಂದು ಕೇಳುವುದು ಆಕಾರತರ್ಕದ ಕೆಲಸವಲ್ಲ. ಸಂಸಾರ ನಡೆಸುವವನಾದರೋ ಅದನ್ನು ಕೇಳದಿರಲಾರನು.

ಆದರೆ ಜನರೆಲ್ಲ ನಿರ್ದೋಷಿಗಳೆಂದರೆ ಅದೂ ಅತಿಯಾದೀತು. ಅದೇ ಪರೀಕ್ಷೆಯಲ್ಲಿ, 'ಆಕೆ ರಾತ್ರಿಯವರೆಗೂ ಗ್ರಂಥಾಲಯದಲ್ಲಿ ಓದುತ್ತಾಳೆ, ಆದುದರಿಂದ ಪ್ರಬಂಧ ಬರೆಯುವುದಿದೆ' ಎಂದು ವ್ಯಾಪ್ತಿಯನ್ನು ತಿರುಗುಮುರುಗು ಮಾಡಿದವರು ನೂರಕ್ಕೆ 71. 'ಪಠ್ಯಪುಸ್ತಕ ಓದುವುದಿದ್ದರೂ ಅಲ್ಲಿರುತ್ತಾಳೆ' ಎಂದು ತಿಳಿಸಿದಾಗ ಆ ಸಂಖ್ಯೆ 13ಕ್ಕೆ ಇಳಿಯಿತು. ಮನೆಗಳಲ್ಲಿ ನಡೆಯುವ ಅನ್ಯಾಯ ಬಹುಮಟ್ಟಿಗೆ ಈ ಬಗೆಯದು. ಆಳು ಕದ್ದರೆ ಕಣಜದ ಜೋಳ ಕಡಮೆಯಾಗುತ್ತದೆ, ಕಡಮೆಯಾಗಿದೆ, ಆದುದರಿಂದ ಆಳು ಕದ್ದನು! ಇಲಿಯೂ ಜೋಳ ತಿನ್ನುತ್ತದೆಂಬುದು ಯಜಮಾನನಿಗೆ ತಿಳಿಯದ ಸಂಗತಿಯೇನಲ್ಲ. ಸಿಟ್ಟಿನ ಹೊತ್ತಿನಲ್ಲಿ ಅದು ನೆನಪಿಗೆ ಬಾರದು. ಅಷ್ಟರಲ್ಲಿ ಒಬ್ಬ ಬಡವನ ಮಾನ ಹೋಗಿರುತ್ತದೆ. ಪರೀಕ್ಷೆಗೆ ಕುಳಿತವರಿಗೆ ಯಾರೂ ತರ್ಕಪಾಠ ಹೇಳಿಕೊಡಲಿಲ್ಲವೆಂಬುದು ಗಮನಾರ್ಹ. ಇನ್ನೊಂದು ಕಾರಣವನ್ನು ಎದುರಿಗಿಟ್ಟರು, ಅಷ್ಟೆ. 'ಕಣಜದ ಬುಡದಲ್ಲಿ ಬಿಲವಿದೆಯೇ, ಮೊದಲು ನೋಡಿರಿ' ಎಂದು ಮನೆಯಾಕೆ ಆಡುವ ಒಂದು ಮಾತು ಅಷ್ಟೇ ಕೆಲಸ ಮಾಡುತ್ತದೆ.