ಮೇಜಿನ ಮೇಲಿರುವುದನ್ನು ಮೊದಲು ಮುಗಿಸು

ತಮ್ಮಾ, ನಿಜವಾದ ವಾಹನಗಳನ್ನು ಅಳತೆಗೆ ತಕ್ಕಂತೆ ಪುಟ್ಟದಾಗಿ ಮಾಡುವ ಸ್ಕೇಲ್ ಮಾಡೆಲ್ ಹುಚ್ಚು ಹೊಸದಾಗಿ ಹತ್ತಿದವರನ್ನು ಕಂಡರೆ ನನಗೆ ಖುಷಿಯಾಗುತ್ತದೆ, ಜೊತೆಗೆ ಸ್ವಲ್ಪ ಆತಂಕವೂ ಆಗುತ್ತದೆ. ಖುಷಿ ಯಾಕೆಂದರೆ, ಕೈ, ಕಣ್ಣು, ಮನಸ್ಸು ಮೂರನ್ನೂ ಒಂದೇ ಕಡೆ ಕೂರಿಸುವ ಹವ್ಯಾಸ ಇದು. ಆತಂಕ ಯಾಕೆಂದರೆ, ಉತ್ಸಾಹದಿಂದ ಶುರು ಮಾಡಿದ ಎಷ್ಟೋ ಹುಡುಗರು ಬೇಸತ್ತು ಕೈಬಿಟ್ಟದ್ದನ್ನು ನೋಡಿದ್ದೇನೆ. ಅವರಿಗೆ ವಾಹನಗಳ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ. ಜೋಡಿಸುವ ಭಾಗಗಳ ಕಿಟ್ ಸಿಗುವುದಿಲ್ಲ, ಸಿಕ್ಕರೆ ಬೆಲೆ ಎಟುಕುವುದಿಲ್ಲ, ಬಣ್ಣ ಕೆಡುತ್ತದೆ, ಮನೆಯವರು ಗೊಣಗುತ್ತಾರೆ, ಬಲ್ಲವರು ತಪ್ಪು ಎತ್ತಿ ತೋರಿಸುತ್ತಾರೆ. ಇವೆಲ್ಲ ಸೇರಿ ಅವರನ್ನು ದಣಿಸಿಬಿಟ್ಟವು. ನಿನಗೂ ಇವೆಲ್ಲ ಎದುರಾಗುತ್ತವೆ. ಅದಕ್ಕೇ ಮೊದಲೇ ನಾಲ್ಕು ಮಾತು ಹೇಳುತ್ತಿದ್ದೇನೆ. ತಂಗಿಯರಿಗೂ ಇದೇ ಮಾತು.

ಮೊದಲು ಕಿವಿಗೆ ಬೀಳುವುದು “ಇಷ್ಟು ದೊಡ್ಡವನಾಗಿ ಇನ್ನೂ ಆಟದ ಸಾಮಾನು ಹಿಡ್ಕೊಂಡು ಕೂತಿದ್ದೀಯಲ್ಲ” ಅನ್ನುವ ಮಾತು. ಇದಕ್ಕೆ ಸಿಟ್ಟಾಗಬೇಡ, ವಾದಕ್ಕೂ ಇಳಿಯಬೇಡ. ನಮ್ಮ ಹವ್ಯಾಸಕ್ಕೂ ಆಟಿಕೆಗೂ ಹಳೆಯ ನಂಟಿದೆ. ಇಂಗ್ಲೆಂಡಿನ ಲೆಸ್ನಿ ಕಾರ್ಖಾನೆಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಚಿಕ್ಕ ಆಟಿಕೆ ಮಾತ್ರ ತರಬಹುದು ಎಂಬ ನಿಯಮವಿತ್ತು. ಮಗಳಿಗಾಗಿ ಓಡೆಲ್ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಚ್‌ಬಾಕ್ಸ್ ಗಾಡಿಗಳ ಮೂಲ ಅದೇ. ಅಪ್ಪನೊಬ್ಬ ಮಗಳಿಗೆ ಮಾಡಿಕೊಟ್ಟ ಆಟಿಕೆಯ ವಂಶದವರು ನಾವು ಅನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಮನೆಯವರ ಬಾಯಿ ಮುಚ್ಚಿಸಲು ಹೋಗಬೇಡ. ಮುಗಿಸಿದ ಒಂದು ಮಾಡೆಲನ್ನು ಅವರ ಕೈಗೆ ಕೊಡು. ಸ್ಟೇರಿಂಗ್, ಸೀಟು, ಪುಟ್ಟ ನಂಬರ್ ಪ್ಲೇಟು ನೋಡಿದ ಮೇಲೆ ಅವರ ಮಾತಿನ ಧಾಟಿ ತಾನಾಗಿಯೇ ಬದಲಾಗುತ್ತದೆ.

ಎರಡನೆಯ ಸಂಕಟ ದುಡ್ಡಿನದು. ಇದು ಸುಳ್ಳು ಸಂಕಟವಲ್ಲ. ಸ್ಕೇಲ್ ಮಾಡೆಲ್‌ಗಳೂ ಮಕ್ಕಳ ಆಟಿಕೆಗಳೂ ಕಸ್ಟಮ್ಸ್ ಪಟ್ಟಿಯಲ್ಲಿ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತೂ ಕಡ್ಡಾಯವಾಯಿತು. ದೇಶದ ಆಟಿಕೆ ಉದ್ಯಮ ಬೆಳೆಯಲಿ, ಮಕ್ಕಳ ಕೈಗೆ ಸುರಕ್ಷಿತ ಸಾಮಾನು ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಜಪಾನಿನಿಂದ ಒಂದು ಪ್ಲಾಸ್ಟಿಕ್ ಕಿಟ್ ತರಿಸಿಕೊಳ್ಳುವವನ ಜೇಬಿಗೆ ಅದರ ಬಿಸಿ ತಟ್ಟಿದೆ. ಬೆಲೆ ಹೆಚ್ಚಾದಾಗ, ಮಾಲು ಅಪರೂಪವಾದಾಗ ಮನಸ್ಸು ಒಂದು ಕೆಟ್ಟ ದಾರಿ ಹಿಡಿಯುತ್ತದೆ: ಸಿಕ್ಕಾಗ ಕೊಂಡಿಡೋಣ, ಮಾಡುವುದು ಆಮೇಲೆ ನೋಡೋಣ ಅನ್ನುತ್ತದೆ. ಹೀಗೇ ಕಪಾಟು ತುಂಬುತ್ತದೆ, ಮೇಜು ಮಾತ್ರ ಖಾಲಿ ಇರುತ್ತದೆ.

ಡೈಕಾಸ್ಟ್, ಅಂದರೆ ಲೋಹದ ಎರಕದ ಸಿದ್ಧ ಗಾಡಿಗಳನ್ನು ಸಂಗ್ರಹಿಸುವವರ ಪಾಡೂ ಇದೇ. ಹಾಟ್ ವೀಲ್ಸ್ ಆಟಿಕೆ ಕಾರು ಮಾಡುವವರು 1995ರಿಂದ ಟ್ರೆಷರ್ ಹಂಟ್ ಎಂದು ಕೆಲವು ಅಪರೂಪದ ಗಾಡಿಗಳನ್ನು ಮಾಮೂಲಿ ಗಾಡಿಗಳ ನಡುವೆ ಬೆರೆಸಿ ಬಿಡುತ್ತಾರೆ. ಅಂಗಡಿ ಬಾಗಿಲು ತೆಗೆಯುವ ಮೊದಲೇ ನಿಂತು, ಅವನ್ನೆಲ್ಲ ಬಾಚಿಕೊಂಡು ಹೋಗಿ, ಸಂಜೆಗೆ ಹಲವು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಮಗುವೊಂದು ಬಂದು ನೋಡುವಾಗ ಬೇಡವಾದವು ಮಾತ್ರ ಉಳಿದಿರುತ್ತವೆ. ಇದು ನನಗೆ ಸರಿ ಕಾಣುವುದಿಲ್ಲ. ನೀನು ಆ ಸಾಲಿನಲ್ಲಿ ನಿಲ್ಲಬೇಡ, ಅಂಥವರಿಂದ ಕೊಳ್ಳಲೂ ಬೇಡ. ಅಪರೂಪದ್ದು ಬೇಕೇ ಬೇಕೆಂಬ ಹಟ ಬಿಟ್ಟುಬಿಡು. ನಿನಗೆ ನಿಜವಾಗಿ ಇಷ್ಟವಾದ ಗಾಡಿ ಯಾವುದು ಅಂತ ಮಾತ್ರ ಕೇಳಿಕೋ. ಅರ್ಧಕ್ಕರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಇನ್ನು ಸ್ಕೇಲಿನ ಗೊಂದಲ. ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದ. 1:18ರಲ್ಲಿ, ಅಂದರೆ 18 ಪಟ್ಟು ಚಿಕ್ಕದಾಗಿಸಿದರೆ, ಅದು 24 ಸೆಂಟಿಮೀಟರ್ ಆಗುತ್ತದೆ, 1:24ರಲ್ಲಿ 18, 1:43ರಲ್ಲಿ 10, 1:64ರಲ್ಲಿ ಏಳಕ್ಕಿಂತ ಸ್ವಲ್ಪ ಕಡಿಮೆ. ಒಂದೊಂದು ಅಳತೆಯಲ್ಲಿ ಒಂದೊಂದು ಕೊಂಡರೆ ಯಾವುದರ ಪಕ್ಕದಲ್ಲೂ ಯಾವುದೂ ಹೊಂದುವುದಿಲ್ಲ, ಜಾಗವೂ ಸಾಲುವುದಿಲ್ಲ. ಆದ್ದರಿಂದ ಒಂದು ಸ್ಕೇಲ್ ಆರಿಸಿಕೊಂಡು ಅದಕ್ಕೆ ನಿಲ್ಲು. ಯಾವುದು ಶ್ರೇಷ್ಠ ಎಂಬ ಜಗಳಕ್ಕೆ ಹೋಗಬೇಡ. 1:43 ಬಂದದ್ದು ಆಟಿಕೆ ರೈಲಿನ ಅಳತೆಯಿಂದ. ಟ್ಯಾಂಕ್ ಮಾಡುವವರ 1:35 ಬಂದದ್ದು ಇನ್ನೂ ವಿಚಿತ್ರವಾಗಿ: ಜಪಾನಿನ ತಮಿಯಾ ಕಂಪನಿ 1961ರಲ್ಲಿ ಪ್ಯಾಂಥರ್ ಟ್ಯಾಂಕ್ ಮಾಡುವಾಗ ಮೋಟಾರು, ಬ್ಯಾಟರಿ ಒಳಗೆ ಹಿಡಿಸುವಷ್ಟು ಗಾತ್ರ ಇಟ್ಟರು, ಆಮೇಲೆ ಲೆಕ್ಕ ಹಾಕಿದರೆ ಅದು 1:35ಕ್ಕೆ ಬಂತು. ಇವತ್ತು ಪ್ರಪಂಚದ ಎಷ್ಟೋ ಕಂಪನಿಗಳು ಆ ಅಳತೆಯನ್ನೇ ಪಾಲಿಸುತ್ತವೆ. ನಿನ್ನ ಕಪಾಟಿನ ಅಗಲ, ನಿನ್ನ ಕಣ್ಣಿನ ಶಕ್ತಿ, ನಿನ್ನ ಜೇಬು, ಈ ಮೂರು ನೋಡಿ ತೀರ್ಮಾನಿಸು.

ಕೆಲಸಕ್ಕೆ ಕೂತ ಮೇಲೆ ಅತಿ ಹೆಚ್ಚು ಬೇಸರ ತರುವುದು ಬಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳು. ನಿಜವಾದ ಕಾರಿನ ಮೇಲೆ ಬಣ್ಣದ ಪದರ ಸುಮಾರು 100 ಮೈಕ್ರಾನ್ ಇರುತ್ತದೆ. 1:24ಕ್ಕೆ ಇಳಿಸಿದರೆ ಅದು ಸುಮಾರು 4 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಬಾಗಿಲಿನ ಸಂದು ನಿಜದಲ್ಲಿ 5 ಮಿಲಿಮೀಟರ್ ಇದ್ದರೆ ಮಾಡೆಲ್‌ನಲ್ಲಿ 0.2 ಮಿಲಿಮೀಟರ್. ದಪ್ಪ ಬಣ್ಣ ಬಳಿದರೆ ಆ ಸಂದು ತುಂಬಿ ಬಾಗಿಲು ಮಾಯವಾಗುತ್ತದೆ. ಆಗ ಎಷ್ಟು ಒಳ್ಳೆಯ ಕಿಟ್ ಆದರೂ ಸೋಪಿನಲ್ಲಿ ಕೆತ್ತಿದಂತೆ ಕಾಣುತ್ತದೆ. ಅದಕ್ಕೇ ಏರ್‌ಬ್ರಷ್ಷೇ ಇರಲಿ, ಸ್ಪ್ರೇ ಡಬ್ಬಿಯೇ ಇರಲಿ, ಒಂದೇ ಸಲಕ್ಕೆ ಮುಚ್ಚಲು ಹೋಗಬೇಡ. ಮೊದಲ ಕೋಟ್ ಹಾಕಿದಾಗ ಪ್ರೈಮರ್ ಇನ್ನೂ ಕೆಳಗೆ ಕಾಣುತ್ತಿರಬೇಕು. ಎರಡನೆಯದಕ್ಕೆ ಮಸುಕಾಗಬೇಕು. ಮೂರನೆಯದಕ್ಕೆ ಬಣ್ಣ ಕೂರಬೇಕು. ನಡುವೆ ಧೂಳಿನ ಕಣ ಕೂತರೆ ಒದ್ದೆ ಬಣ್ಣಕ್ಕೆ ಬೆರಳು ತಗುಲಿಸಲೇಬೇಡ. ಪೂರ್ತಿ ಒಣಗಲಿ. ಆಮೇಲೆ ಗ್ಯಾರೇಜಿನ ಪೇಂಟರ್‌ಗಳು ಬಳಸುವ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಆ ಜಾಗವನ್ನಷ್ಟೇ ಹಗುರವಾಗಿ ಉಜ್ಜು. ಕಣ ಹೋದ ಮೇಲೆ ಇನ್ನೊಂದು ತೆಳು ಕೋಟ್ ಕೊಡು.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಇಟ್ಟುಕೋ. ಮಂಗಳೂರಿನಲ್ಲೋ ಮಲೆನಾಡಿನಲ್ಲೋ ಜಡಿಮಳೆ ಹಿಡಿದಾಗ ಲ್ಯಾಕರ್ ಹೊಡೆದರೆ ಗಾಳಿಯ ತೇವ ಪದರದಲ್ಲಿ ಸಿಕ್ಕಿಕೊಂಡು ಬಿಳಿಯ ಮಂಜು ಕವಿದಂತಾಗುತ್ತದೆ. ಆ ತಿಂಗಳುಗಳಲ್ಲಿ ಉಜ್ಜುವುದು, ಪುಟ್ಟಿ ಹಾಕುವುದು, ಎಂಜಿನ್, ಚಾಸಿಸ್ ಜೋಡಿಸುವುದು ಮಾಡು. ಬಾಡಿಯ ಬಣ್ಣವನ್ನು ಒಣ ಹವೆಯಲ್ಲಿ ಹೊಡಿ. ಗಾಜಿನಂತೆ ಕಾಣುವ ಭಾಗಗಳಿಗೆ ಸೂಪರ್ ಗ್ಲೂ ಮುಟ್ಟಿಸಬೇಡ, ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಒಣಗಿದಾಗ ಬಣ್ಣವಿಲ್ಲದೆ ನಿಲ್ಲುವ ಬಿಳಿ ಗೋಂದು ಸಾಕು. ಇನ್ನೊಂದು ಮಾತನ್ನು ಆಜ್ಞೆಯೆಂದೇ ತಿಳಿ: ಕಿಟಕಿ ತೆರೆದಿರಬೇಕು, ಮಾಸ್ಕ್ ಹಾಕಿರಬೇಕು. ಥಿನ್ನರ್ ವಾಸನೆ ತುಂಬಿದ ಕೋಣೆಯಲ್ಲಿ ಮಾಡುವ ಯಾವ ಮಾಡೆಲೂ ನಿನ್ನ ಶ್ವಾಸಕೋಶಕ್ಕಿಂತ ದೊಡ್ಡದಲ್ಲ.

ಈಗ ತಪ್ಪು ಹುಡುಕುವವರ ವಿಷಯ. ಈ ಲೋಕದಲ್ಲಿ ಅವರು ಬಹಳ. ಬೋಲ್ಟು ಎಣಿಸುತ್ತಾರೆ, ಮಿರರ್ ಆ ವರ್ಷದ್ದಲ್ಲ ಅನ್ನುತ್ತಾರೆ, ಬಣ್ಣ ಒಂದು ಛಾಯೆ ಹೆಚ್ಚು ಅನ್ನುತ್ತಾರೆ. ಫೋಟೋ ಹಿಡಿದು ಹೇಳಿದರೆ ಅದು ಪಾಠ, ಕೃತಜ್ಞತೆಯಿಂದ ಬರೆದಿಟ್ಟುಕೋ, ಮುಂದಿನದರಲ್ಲಿ ತಿದ್ದಿಕೋ. ಆಧಾರವಿಲ್ಲದೆ ಹಂಗಿಸಿದರೆ ಅಲ್ಲಿಗೇ ಬಿಟ್ಟುಬಿಡು. ನಿಖರತೆ ಬೇಡವೆಂದು ನಾನು ಹೇಳುತ್ತಿಲ್ಲ. ತಮಿಯಾದ ಶುನ್ಸಾಕು ತಮಿಯಾ ಅವರು ಪೋರ್ಷೆ ಕಾರಿನ ಕಿಟ್‌ಗಾಗಿ ನಿಜವಾದ 911 ಕಾರನ್ನೇ ಕೊಂಡು, ಬಿಚ್ಚಿ ನೋಡಿಸಿದರು. ಅಂಥ ಶ್ರದ್ಧೆಗೆ ಕೈಮುಗಿಯಬೇಕು. ಆದರೆ ನಿಖರತೆಗೂ ಒಂದು ಕ್ರಮವಿದೆ. ಕಣ್ಣು ಮೊದಲು ನೋಡುವುದು ಗಾಡಿ ನಿಂತ ಭಂಗಿಯನ್ನು: ಚಕ್ರಗಳ ಗಾತ್ರ, ಬಾಡಿ ನೆಲದಿಂದ ಎಷ್ಟು ಎತ್ತರ, ನಾಲ್ಕೂ ಚಕ್ರ ನೆಲ ಮುಟ್ಟಿವೆಯೇ ಎಂಬುದನ್ನು. ಆಮೇಲೆ ಛಾವಣಿಯ ಬಾಗು, ಆಮೇಲೆ ಬಣ್ಣ. ಬೋಲ್ಟಿನ ಸರದಿ ಬರುವುದು ಇವೆಲ್ಲ ಆದ ಮೇಲೆ. 1:24ರ ಮಾಡೆಲನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದು ಎಂದರೆ ನಿಜವಾದ ಕಾರನ್ನು 7 ಮೀಟರಿಗಿಂತ ಸ್ವಲ್ಪ ಆಚೆಯಿಂದ ನೋಡಿದಂತೆ. ಅಷ್ಟು ದೂರದಿಂದ ಕಾಣದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡ. ಇನ್ನೊಬ್ಬರ ಮಾಡೆಲ್ ನೋಡುವಾಗಲೂ ಚೆನ್ನಾಗಿರುವುದನ್ನು ಮೊದಲು ಹೇಳು. ಹೊಸಬರನ್ನು ಉಳಿಸಿಕೊಳ್ಳುವ ದಾರಿ ಅದೊಂದೇ.

ಮತ್ತೆ ಕಪಾಟಿನ ವಿಷಯಕ್ಕೆ ಬರೋಣ. ಕೊಂಡಿಟ್ಟದ್ದು ಎಲ್ಲಿ ಹೋಗುತ್ತೆ ಅಂತ ನೀನು ಕೇಳಬಹುದು. ಹೋಗುತ್ತದೆ, ಅದೇ ಕಷ್ಟ. ಗಾಡಿಗೆ ಅಂಟಿಸುವ ಡೆಕಾಲ್ ಚಿತ್ರಗಳ ಹಾಳೆಗಳು ವರ್ಷ ಕಳೆದಂತೆ ಹಳದಿಯಾಗುತ್ತವೆ, ಅಂಟು ಸಾಯುತ್ತದೆ. ಮೆತ್ತನೆಯ ವಿನೈಲ್ ಟೈರುಗಳಿಂದ ಒಸರುವ ರಾಸಾಯನಿಕ, ಅವಕ್ಕೆ ತಾಗಿಕೊಂಡ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸಿಬಿಡುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಟೈರುಗಳಿಗೆ ಬೇರೆ ಪೊಟ್ಟಣ ಮಾಡು. ಹಳೆಯ ಡೈಕಾಸ್ಟ್‌ಗಳ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಬೆರೆತಿದ್ದರೆ ಒಳಗಿನಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿ ಬ್ರ್ಯಾಂಡಿನ ಆಟಿಕೆ ಗಾಡಿಗಳಿಗೆ ಬಂದ ಗತಿ ಇದು, ಇದಕ್ಕೆ ಔಷಧಿಯಿಲ್ಲ. ಪೆಟ್ಟಿಗೆ ಒಡೆಯದೆ ಇಟ್ಟರೆ ಎಲ್ಲವೂ ಭದ್ರ ಎಂಬ ನಂಬಿಕೆ ಸುಳ್ಳು. ಮಾಡಿ, ನೋಡಿ, ಖುಷಿಪಟ್ಟದ್ದೇ ನಿಜವಾಗಿ ನಿನ್ನದಾಗುವುದು.

ನಮ್ಮ ರಸ್ತೆಯ ಗಾಡಿಗಳನ್ನು ಯಾವ ಕಂಪನಿಯೂ ಮಾಡುವುದಿಲ್ಲ ಎಂಬ ಕೊರಗು ನಿನಗೂ ಇರಬೇಕು. ಜರ್ಮನಿಯ ಹಳೇ ಟ್ಯಾಂಕಿಗೆ ಹತ್ತು ಬಗೆಯ ಕಿಟ್ ಸಿಗುತ್ತವೆ, ನಾವು ಕಾಲೇಜಿಗೆ ಹೋಗುವ ಕೆಂಪು ಬಸ್ಸಿಗೆ ಅಂಥದ್ದೊಂದು ಕಿಟ್ ಇಲ್ಲ. ಕೊರಗಬೇಡ, ನೀನೇ ಮಾಡು. ಕರಾವಳಿಯ ಹುಡುಗರು ಫೋಮ್ ಶೀಟ್ ಕತ್ತರಿಸಿ ತಮ್ಮೂರಿನ ಖಾಸಗಿ ಬಸ್ಸುಗಳನ್ನು ಬೋರ್ಡು, ಬಣ್ಣ, ಕರ್ಟನ್ ಸಮೇತ ಮಾಡುತ್ತಾರೆ. ಅವರ ಕೈಚಳಕ ನೋಡಿ ಕಲಿ. ಅಳತೆಗೆ ನಕ್ಷೆ ಬೇಕಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಫೋಟೋವನ್ನು ಸಾಕಷ್ಟು ದೂರದಿಂದ, ಜೂಮ್ ಮಾಡಿ, ನೇರ ಪಕ್ಕಕ್ಕೆ ನಿಂತು ತೆಗೆ. ಬಸ್ಸಿನ ಟೈರಿನ ಮೇಲೆ ಬರೆದ ನಂಬರ್ ಓದು. 10.00-20 ಎಂದಿದ್ದರೆ ಅದರ ಹೊರ ವ್ಯಾಸ ಸುಮಾರು 105 ಸೆಂಟಿಮೀಟರ್. ಫೋಟೋದಲ್ಲಿ ಟೈರಿನ ವ್ಯಾಸ ಎಷ್ಟು, ಕಿಟಕಿ ಎಷ್ಟು ಅಂತ ಅಳೆದು ಹೋಲಿಸಿದರೆ ಬಾಗಿಲು, ಕಿಟಕಿ, ಬಂಪರ್ ಎಲ್ಲದರ ಅಳತೆಯೂ ಹೊರಬರುತ್ತದೆ. 12 ಮೀಟರಿನ ಬಸ್ಸು 1:24ರಲ್ಲಿ ಅರ್ಧ ಮೀಟರ್ ಆಗುತ್ತದೆ. ಡ್ರೈವರ್, ಕಂಡಕ್ಟರ್ ಹತ್ತಿರ ಒಂದು ಮಾತು ಕೇಳಿಕೊಂಡು ಫೋಟೋ ತೆಗೆ. ಏಕೆಂದು ಹೇಳಿದರೆ ಅವರೇ ಒಳಗೆ ಕರೆದು ತೋರಿಸುವುದುಂಟು.

ಇಷ್ಟೆಲ್ಲ ಹೇಳಿದ್ದರ ಸಾರ ಒಂದೇ. ಈ ಹವ್ಯಾಸದ ಬೇಸರಗಳಲ್ಲಿ ಬಹುಪಾಲು ಹುಟ್ಟುವುದು ಮೇಜಿನಿಂದ ಎದ್ದು ದೂರ ಹೋದಾಗ: ಬೆಲೆ ಹುಡುಕುವಾಗ, ಬೇರೆಯವರ ಕಪಾಟು ನೋಡಿ ಕರುಬುವಾಗ, ವಾದಕ್ಕೆ ನಿಂತಾಗ. ಮೇಜಿನ ಮುಂದೆ ಕೂತು ಒಂದು ಭಾಗವನ್ನು ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಇನ್ನೊಂದಕ್ಕೆ ಕೂರಿಸಿದ ಗಳಿಗೆಯಲ್ಲಿ ಆ ಬೇಸರಗಳಿಗೆ ಜಾಗವಿರುವುದಿಲ್ಲ. ಆದ್ದರಿಂದ ಅರ್ಧಕ್ಕೆ ನಿಂತಿರುವುದನ್ನು ಇವತ್ತು ಹೊರಗೆ ತೆಗೆ. ಬಂಪರ್ ಸ್ವಲ್ಪ ಓರೆಯಾಗಿದೆಯಾ? ಇರಲಿ, ಹಾಗೇ ಮುಂದುವರಿ. ಡೆಕಾಲ್ ಹಾಕು, ಕ್ಲಿಯರ್ ಕೋಟ್ ಕೊಡು, ಅಡಿಯಲ್ಲಿ ಮುಗಿಸಿದ ತಾರೀಖು ಬರೆ. ಅದು ಮುಗಿಯುವ ತನಕ ಹೊಸ ಕಿಟ್ ಕೊಳ್ಳುವುದಿಲ್ಲ ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೋ. ಮುಗಿಸಿದ ಒಂದು ಮಾಡೆಲ್ ಕಲಿಸುವಷ್ಟನ್ನು ಪೆಟ್ಟಿಗೆಯಲ್ಲಿರುವ ಹತ್ತು ಕಿಟ್‌ಗಳು ಕಲಿಸಲಾರವು. ಮುಂದಿನದು ಇದಕ್ಕಿಂತ ಚೆನ್ನಾಗಿ ಬರುತ್ತದೆ, ಇದನ್ನು ಮುಗಿಸಿದ್ದರೆ ಮಾತ್ರ.